ಸಮಾರಂಭದ ಸ್ಥಳದಲ್ಲಿಯೇ ಛಾಯಾಚಿತ್ರ ಮುದ್ರಣ: ಕೊಂಡೊಯ್ಯಬಹುದಾದ ಫೋಟೋ ಪ್ರಿಂಟರ್ ಆಯ್ಕೆಯ ಬಗ್ಗೆ ಮಾಹಿತಿ

1. ಪೀಠಿಕೆ

ಮೈಸೂರು ನಗರವು ಪ್ರವಾಸಿ ತಾಣಗಳಿಗೂ ಉತ್ಸವಗಳಿಗೂ ಹೆಸರಾದ ನಗರವಾಗಿದೆ. ಅರಮನೆ, ಚಾಮುಂಡಿ ಬೆಟ್ಟ, 1892 ರಲ್ಲಿ ಸ್ಥಾಪನೆಯಾದ ಶ್ರೀ ಚಾಮರಾಜೇಂದ್ರ ಮೃಗಾಲಯ, ದಸರಾ ವಸ್ತುಪ್ರದರ್ಶನ ಮುಂತಾದ ಸ್ಥಳಗಳಿಗೆ ವರ್ಷವಿಡೀ ಜನರು ಬರುತ್ತಾರೆ. ನಗರದ ಕಲ್ಯಾಣ ಮಂಟಪಗಳಲ್ಲಿ ಮದುವೆ, ಆರತಕ್ಷತೆ, ಉಪನಯನ, ನಾಮಕರಣ ಮುಂತಾದ ಸಮಾರಂಭಗಳು ನಡೆಯುತ್ತವೆ. ಇವೆಲ್ಲವೂ ಛಾಯಾಗ್ರಾಹಕರಿಗೆ ಉದ್ಯೋಗ ಒದಗಿಸುವ ಸಂದರ್ಭಗಳು.

ಫಿಲ್ಮ್ ಬಳಕೆಯಲ್ಲಿದ್ದ ಕಾಲದಲ್ಲಿ ಪ್ರವಾಸಿ ತಾಣದ ಛಾಯಾಗ್ರಾಹಕರು ಚಿತ್ರ ತೆಗೆದು, ಮುಂಗಡ ಹಣದೊಂದಿಗೆ ವಿಳಾಸವನ್ನು ಬರೆದುಕೊಂಡು, ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುವ ಪದ್ಧತಿ ಇತ್ತು. ಮೊಬೈಲ್ ಫೋನಿನಲ್ಲಿ ಕ್ಯಾಮೆರಾ ಬಂದ ನಂತರ ಚಿತ್ರ ತೆಗೆಯುವುದು ಎಲ್ಲರಿಗೂ ಸಾಧ್ಯವಾಯಿತು. ಆದರೆ ಕೈಯಲ್ಲಿ ಹಿಡಿದು ನೋಡುವ, ಗೋಡೆಗೆ ಹಾಕುವ, ಊರಿಗೆ ಒಯ್ದು ಹಿರಿಯರಿಗೆ ತೋರಿಸುವ ಪ್ರತಿಯ ಅಗತ್ಯ ಇಲ್ಲವಾಗಿಲ್ಲ. ಚಿತ್ರ ತೆಗೆದ ಕೆಲವೇ ನಿಮಿಷಗಳಲ್ಲಿ ಅದೇ ಸ್ಥಳದಲ್ಲಿ ಪ್ರತಿಯನ್ನು ನೀಡುವ ಸೇವೆಯು ಈ ಕಾರಣದಿಂದ ಸ್ವಉದ್ಯೋಗದ ಒಂದು ಮಾರ್ಗವಾಗಿದೆ.

ಈ ಉದ್ಯೋಗಕ್ಕೆ ಇಳಿಯುವವರಲ್ಲಿ ಹಲವರು ಸಾಲ ಮಾಡಿ ಯಂತ್ರವನ್ನು ಕೊಳ್ಳುತ್ತಾರೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ ಯಂತ್ರವು ಪ್ರತಿ ಚಿತ್ರಕ್ಕೆ ಹೆಚ್ಚು ಖರ್ಚು ತಂದರೆ ದುಡಿಮೆಯ ಲಾಭವೆಲ್ಲ ಕಾಗದ ಮತ್ತು ರಿಬ್ಬನ್ನಿಗೇ ಹೋಗುತ್ತದೆ. ದುಬಾರಿ ಯಂತ್ರವನ್ನು ಕೊಂಡು ಸಾಕಷ್ಟು ಕೆಲಸ ದೊರೆಯದಿದ್ದರೆ ಸಾಲದ ಕಂತು ಹೊರೆಯಾಗುತ್ತದೆ. ಆದ್ದರಿಂದ ಯಂತ್ರದ ಬೆಲೆಯನ್ನು ಮಾತ್ರ ನೋಡದೆ, ಯಾವ ಬಗೆಯ ಸಮಾರಂಭ, ಗಂಟೆಗೆ ಎಷ್ಟು ಪ್ರತಿ, ಪ್ರತಿಯೊಂದಕ್ಕೆ ತಗಲುವ ಒಟ್ಟು ವೆಚ್ಚ ಎಷ್ಟು ಎಂಬ ಮೂರು ಅಂಶಗಳನ್ನು ಮೊದಲು ನಿರ್ಧರಿಸಿಕೊಂಡು ಯಂತ್ರವನ್ನು ಆರಿಸುವುದು ಸೂಕ್ತ. ಈ ನಿಟ್ಟಿನಲ್ಲಿ ಆಸಕ್ತರಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಮುದ್ರಣ ವಿಧಾನಗಳು

ಸ್ಥಳದಲ್ಲಿಯೇ ಮುದ್ರಿಸಲು ಬಳಸುವ ಯಂತ್ರಗಳನ್ನು ಅವುಗಳ ಕಾರ್ಯವಿಧಾನಕ್ಕೆ ಅನುಗುಣವಾಗಿ ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

2.1 ಡೈ ಸಬ್ಲಿಮೇಷನ್ ವಿಧಾನ

ಈ ವಿಧಾನದಲ್ಲಿ ಶಾಯಿ ಇರುವುದಿಲ್ಲ. ತೆಳುವಾದ ರಿಬ್ಬನ್ನಿನ ಮೇಲೆ ಹಳದಿ, ಮೆಜೆಂಟಾ ಮತ್ತು ಸಯಾನ್ ಬಣ್ಣಗಳ ಪಟ್ಟಿಗಳು ಹಾಗೂ ಪಾರದರ್ಶಕ ರಕ್ಷಣಾ ಪದರದ ಪಟ್ಟಿ ಒಂದರ ನಂತರ ಒಂದರಂತೆ ಇರುತ್ತವೆ. ಯಂತ್ರದ ಥರ್ಮಲ್ ಹೆಡ್ ಕಾದು, ಬಣ್ಣವನ್ನು ರಿಬ್ಬನ್ನಿನಿಂದ ಕಾಗದದ ಮೇಲ್ಪದರಕ್ಕೆ ವರ್ಗಾಯಿಸುತ್ತದೆ. ಕಾಗದವು ನಾಲ್ಕು ಬಾರಿ ಹಿಂದೆ ಮುಂದೆ ಚಲಿಸಿ ನಾಲ್ಕನೆಯ ಬಾರಿ ರಕ್ಷಣಾ ಪದರವನ್ನು ಪಡೆಯುತ್ತದೆ. ಹೊರಬಂದ ಪ್ರತಿಯು ಒಣಗಿಯೇ ಇರುತ್ತದೆ. ನೀರಿನ ಹನಿ ಅಥವಾ ಬೆರಳಿನ ಗುರುತಿನಿಂದ ಸುಲಭವಾಗಿ ಹಾಳಾಗುವುದಿಲ್ಲ.

ಇದರಲ್ಲಿ ಎರಡು ಗಾತ್ರದ ಯಂತ್ರಗಳಿವೆ. ಮೊದಲನೆಯದು ಬಿಡಿ ಹಾಳೆಯ ಚಿಕ್ಕ ಯಂತ್ರ. ಉದಾಹರಣೆಗೆ, 2022 ರಲ್ಲಿ ಬಿಡುಗಡೆಯಾದ ಕ್ಯಾನನ್ ಸೆಲ್ಫಿ ಸಿಪಿ1500 ಯಂತ್ರವು ಸುಮಾರು 850 ಗ್ರಾಂ ತೂಗುತ್ತದೆ, 100×148 ಮಿ.ಮೀ. ಪೋಸ್ಟ್‌ಕಾರ್ಡ್ ಗಾತ್ರದ ಒಂದು ಪ್ರತಿಯನ್ನು ಸುಮಾರು 41 ಸೆಕೆಂಡುಗಳಲ್ಲಿ ಮುದ್ರಿಸುತ್ತದೆ. ಬ್ಯಾಟರಿಯನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಬಹುದು. ಎರಡನೆಯದು ಸುರುಳಿ ಕಾಗದದ ದೊಡ್ಡ ಯಂತ್ರ. ಡಿಎನ್‌ಪಿ ಕಂಪನಿಯ ಡಿಎಸ್-ಆರ್‌ಎಕ್ಸ್1ಎಚ್‌ಎಸ್ ಇದಕ್ಕೆ ಉದಾಹರಣೆ. ಇದು ಸುಮಾರು 14 ಕಿ.ಗ್ರಾಂ ತೂಗುತ್ತದೆ, 4×6 ಅಂಗುಲದ ಪ್ರತಿಯನ್ನು ಸುಮಾರು 12 ಸೆಕೆಂಡುಗಳಲ್ಲಿ ನೀಡುತ್ತದೆ, ಒಂದು ಸುರುಳಿಯಲ್ಲಿ ಈ ಗಾತ್ರದ 700 ಪ್ರತಿಗಳು ದೊರೆಯುತ್ತವೆ.

2.2 ಇಂಕ್‌ಜೆಟ್ ವಿಧಾನ

ಶಾಯಿಯನ್ನು ಅತಿ ಸೂಕ್ಷ್ಮ ಹನಿಗಳಾಗಿ ಕಾಗದದ ಮೇಲೆ ಸಿಂಪಡಿಸುವುದು ಈ ವಿಧಾನ. ಎಪ್ಸನ್ ಎಲ್8050 ರಂತಹ ಆರು ಬಣ್ಣಗಳ ಇಂಕ್ ಟ್ಯಾಂಕ್ ಯಂತ್ರಗಳಲ್ಲಿ ಶಾಯಿಯ ಖರ್ಚು ಕಡಿಮೆ. ಬೇರೆ ಬೇರೆ ಅಳತೆಯ ಕಾಗದವನ್ನು ಬಳಸಬಹುದು. ಆದರೆ ಹೊಸ ಪ್ರತಿಯ ಮೇಲೆ ನೀರು ಬಿದ್ದರೆ ಬಣ್ಣ ಕದಡುವ ಸಂಭವವಿದೆ. ಹಲವು ದಿನ ಬಳಸದೆ ಇಟ್ಟರೆ ಶಾಯಿ ಒಣಗಿ ನಳಿಕೆ ಕಟ್ಟಿಕೊಳ್ಳುತ್ತದೆ. ಅದನ್ನು ಶುಚಿಗೊಳಿಸಲು ಮತ್ತಷ್ಟು ಶಾಯಿ ವ್ಯಯವಾಗುತ್ತದೆ. ಟ್ಯಾಂಕ್ ಇರುವ ಯಂತ್ರವನ್ನು ವಾಹನದಲ್ಲಿ ಓರೆಯಾಗಿ ಸಾಗಿಸಿದರೆ ಶಾಯಿ ಸೋರುವ ಅಪಾಯವೂ ಇದೆ.

2.3 ಝಿಂಕ್ ವಿಧಾನ

ಇಲ್ಲಿ ಬಣ್ಣವು ಕಾಗದದ ಒಳಗೇ ಹರಳುಗಳ ರೂಪದಲ್ಲಿ ಅಡಗಿರುತ್ತದೆ. ಯಂತ್ರವು ಶಾಖ ನೀಡಿದಾಗ ಬಣ್ಣ ಮೂಡುತ್ತದೆ. ರಿಬ್ಬನ್ ಬೇಕಿಲ್ಲ, ಯಂತ್ರವು ಅಂಗೈ ಅಗಲದ್ದು. ಸಾಮಾನ್ಯವಾಗಿ 2×3 ಅಂಗುಲದ ಅಂಟು ಕಾಗದ ಬಳಕೆಯಲ್ಲಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ನೆನಪಿನ ಚೀಟಿಯಾಗಿ ಕೊಡಲು ಇದು ಸಾಕು. ಮದುವೆಯ ಗುಂಪು ಚಿತ್ರಕ್ಕೆ ಈ ಗಾತ್ರ ಸಾಲದು.

2.4 ಇನ್‌ಸ್ಟಂಟ್ ಫಿಲ್ಮ್ ವಿಧಾನ

ಫ್ಯೂಜಿಫಿಲ್ಮ್ ಕಂಪನಿಯ ಇನ್‌ಸ್ಟಾಕ್ಸ್ ಮಿನಿ ಲಿಂಕ್ ಮೊದಲಾದ ಯಂತ್ರಗಳು ಮೊಬೈಲ್ ಫೋನಿನ ಚಿತ್ರವನ್ನು ರಾಸಾಯನಿಕ ಫಿಲ್ಮಿನ ಮೇಲೆ ಬೆಳಕಿನಿಂದ ಮೂಡಿಸುತ್ತವೆ. ಫಿಲ್ಮ್ ಹೊರಬಂದ ಬಳಿಕ ಸುಮಾರು 90 ಸೆಕೆಂಡುಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಮಿನಿ ಫಿಲ್ಮಿನಲ್ಲಿ ಚಿತ್ರದ ಅಳತೆ 62×46 ಮಿ.ಮೀ. ಮಾತ್ರ. ಯುವಜನರಲ್ಲಿ ಇದಕ್ಕೆ ಮೆಚ್ಚುಗೆ ಇದ್ದರೂ ಗಾತ್ರ ಮತ್ತು ಫಿಲ್ಮಿನ ಬೆಲೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಫಿಲ್ಮನ್ನು ಇಡಬಾರದು.

3. ಸಂದರ್ಭಕ್ಕೆ ತಕ್ಕ ಯಂತ್ರ

ಯಂತ್ರದ ವೇಗವನ್ನು ಕಂಪನಿಯ ಪತ್ರಿಕೆಯಲ್ಲಿರುವ ಅಂಕಿಯಿಂದ ಮಾತ್ರ ಅಳೆಯಬಾರದು. 41 ಸೆಕೆಂಡಿಗೆ ಒಂದು ಪ್ರತಿ ಎಂದರೆ ಲೆಕ್ಕದಲ್ಲಿ ಗಂಟೆಗೆ 87 ಪ್ರತಿಗಳಾಗುತ್ತವೆ. ಆದರೆ ಚಿಕ್ಕ ಯಂತ್ರದ ತಟ್ಟೆಯಲ್ಲಿ 18 ಹಾಳೆಗಳು ಮಾತ್ರ ಹಿಡಿಯುತ್ತವೆ. ಪೋಸ್ಟ್‌ಕಾರ್ಡ್ ಗಾತ್ರದ ಒಂದು ರಿಬ್ಬನ್ 36 ಪ್ರತಿಗಳಿಗೆ ಮುಗಿಯುತ್ತದೆ. ಹಾಳೆ ತುಂಬುವುದು, ರಿಬ್ಬನ್ ಬದಲಿಸುವುದು, ಚಿತ್ರ ಆರಿಸುವುದು, ಹಣ ಪಡೆಯುವುದು ಇವೆಲ್ಲವನ್ನೂ ಸೇರಿಸಿದರೆ ಗಂಟೆಗೆ 50 ರಿಂದ 60 ಪ್ರತಿಗಳೆಂದು ಎಣಿಸುವುದು ಕ್ಷೇಮ.

(ಅ) ಕಲ್ಯಾಣ ಮಂಟಪದ ಆರತಕ್ಷತೆ: ವಧೂವರರೊಂದಿಗೆ ನಿಂತು ಚಿತ್ರ ತೆಗೆಸಿಕೊಂಡ ನೆಂಟರಿಗೆ ಊಟ ಮುಗಿಸಿ ಹೊರಡುವುದರೊಳಗೆ ಪ್ರತಿ ಕೈಗೆ ಸಿಗಬೇಕು. ಎರಡು ಗಂಟೆಯಲ್ಲಿ 200 ಪ್ರತಿಗಳು ಬೇಕಾದಲ್ಲಿ ಒಂದು ಚಿಕ್ಕ ಯಂತ್ರ ಸಾಲದು. ಸುರುಳಿ ಕಾಗದದ ಒಂದು ಯಂತ್ರ ಅಥವಾ ಎರಡು ಚಿಕ್ಕ ಯಂತ್ರಗಳು ಬೇಕಾಗುತ್ತವೆ. ಎರಡು ಚಿಕ್ಕ ಯಂತ್ರಗಳಿದ್ದರೆ ಒಂದು ಕೆಟ್ಟರೂ ಕೆಲಸ ಪೂರ್ಣವಾಗಿ ನಿಲ್ಲುವುದಿಲ್ಲ ಎಂಬ ಅನುಕೂಲವೂ ಇದೆ.

(ಆ) ನಾಮಕರಣ, ಗೃಹಪ್ರವೇಶ, ಸೀಮಂತ: ಪ್ರತಿಗಳ ಸಂಖ್ಯೆ ಕಡಿಮೆ, ಸ್ಥಳವೂ ಕಡಿಮೆ. ಒಂದು ಚಿಕ್ಕ ಡೈ ಸಬ್ಲಿಮೇಷನ್ ಯಂತ್ರ ಸಾಕು.

(ಇ) ಪ್ರವಾಸಿ ತಾಣ: ಚಾಮುಂಡಿ ಬೆಟ್ಟದಂತಹ ಸ್ಥಳದಲ್ಲಿ ಇಡೀ ದಿನ ನಡೆದಾಡಬೇಕಾದವರಿಗೆ ತೂಕ ಮತ್ತು ಬ್ಯಾಟರಿ ಮುಖ್ಯ. ಸೆಲ್ಫಿ ಯಂತ್ರದ ಬ್ಯಾಟರಿಯನ್ನು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 54 ಪ್ರತಿಗಳು ದೊರೆಯುತ್ತವೆ ಎಂದು ಕಂಪನಿಯು ತಿಳಿಸುತ್ತದೆ. ದಿನಕ್ಕೆ ನೂರು ಪ್ರತಿಗಳ ನಿರೀಕ್ಷೆ ಇದ್ದವರು ಎರಡು ಬ್ಯಾಟರಿಗಳನ್ನು ಇಟ್ಟುಕೊಳ್ಳಬೇಕು. ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳ ಸಂಜೆ ಅರಮನೆಗೆ ದೀಪಾಲಂಕಾರ ಇರುವುದರಿಂದ ಆ ದಿನಗಳಲ್ಲಿ ಬ್ಯಾಟರಿಯನ್ನು ಸಂಜೆಗಾಗಿ ಉಳಿಸಿಕೊಳ್ಳುವುದು ಅವಶ್ಯ.

(ಈ) ದಸರಾ ವಸ್ತುಪ್ರದರ್ಶನದ ಮಳಿಗೆ: ಅರಮನೆಯ ಎದುರಿನ ದೊಡ್ಡಕೆರೆ ಮೈದಾನದಲ್ಲಿ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರವು ನಡೆಸುವ ಈ ಪ್ರದರ್ಶನವು ಸಾಮಾನ್ಯವಾಗಿ ಸುಮಾರು ಮೂರು ತಿಂಗಳು ಇರುತ್ತದೆ. ಒಂದೇ ಜಾಗದಲ್ಲಿ ದೀರ್ಘಕಾಲ ಕೆಲಸ ಇರುವುದರಿಂದ ಇಲ್ಲಿ ತೂಕ ಮುಖ್ಯವಲ್ಲ. ಪ್ರತಿಯ ವೆಚ್ಚ ಮುಖ್ಯ. ಸುರುಳಿ ಕಾಗದದ ಯಂತ್ರ ಅಥವಾ ಇಂಕ್ ಟ್ಯಾಂಕ್ ಯಂತ್ರವು ಸೂಕ್ತ. ಮೈದಾನದ ಧೂಳಿನಿಂದ ಯಂತ್ರವನ್ನು ರಕ್ಷಿಸಬೇಕು.

(ಉ) ಜಾತ್ರೆ ಮತ್ತು ಸಾಮೂಹಿಕ ವಿವಾಹ: ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆಯಂತಹ ಸಂದರ್ಭಗಳಲ್ಲಿ ಗ್ರಾಮೀಣ ಕುಟುಂಬಗಳು ಹೆಚ್ಚಾಗಿ ಬರುತ್ತವೆ. ಸುತ್ತೂರು ಜಾತ್ರೆಯಲ್ಲಿ ಸಾಮೂಹಿಕ ವಿವಾಹಗಳೂ ನಡೆಯುತ್ತವೆ. ವಿವಾಹ ನೋಂದಣಿಯ ಅರ್ಜಿಯೊಂದಿಗೆ ಸಾಮಾನ್ಯವಾಗಿ ಮದುವೆಯ ಛಾಯಾಚಿತ್ರವನ್ನು ನೀಡಬೇಕಾಗುವುದರಿಂದ, ಇಂತಹ ದಂಪತಿಗಳಿಗೆ ಸ್ಥಳದಲ್ಲಿಯೇ ಸಿಗುವ ಪ್ರತಿಯು ನೆನಪಿಗಷ್ಟೇ ಅಲ್ಲದೆ ದಾಖಲೆಗೂ ಉಪಯೋಗವಾಗುತ್ತದೆ. ಇಲ್ಲಿ 4×6 ಅಂಗುಲಕ್ಕಿಂತ ಚಿಕ್ಕ ಗಾತ್ರವನ್ನು ನೀಡದಿರುವುದು ಒಳಿತು.

4. ವೆಚ್ಚದ ಲೆಕ್ಕಾಚಾರ

ಒಂದು ಪ್ರತಿಯ ವೆಚ್ಚದಲ್ಲಿ ಕಾಗದ ಮತ್ತು ರಿಬ್ಬನ್ ಅಥವಾ ಶಾಯಿಯ ಬೆಲೆ, ಹಾಳಾಗುವ ಪ್ರತಿಗಳ ನಷ್ಟ, ಪ್ರತಿಯನ್ನು ಇಟ್ಟು ಕೊಡುವ ಕವರಿನ ಬೆಲೆ ಹಾಗೂ ಯಂತ್ರದ ಸವಕಳಿ ಸೇರಿರುತ್ತವೆ. ಬಹುತೇಕರು ಮೊದಲನೆಯದನ್ನು ಮಾತ್ರ ಎಣಿಸುತ್ತಾರೆ.

ಕೆಳಗಿನ ಲೆಕ್ಕವನ್ನು ವಿಧಾನ ತಿಳಿಸುವ ಸಲುವಾಗಿ ಮಾತ್ರ ನೀಡಲಾಗಿದೆ. ಅಂಕಿಗಳು ಕಲ್ಪಿತವಾದವು, ಮಾರುಕಟ್ಟೆಯ ದರಗಳಲ್ಲ. ಆಸಕ್ತರು ಅಂಗಡಿಯ ದರಪಟ್ಟಿಯನ್ನು ಪಡೆದು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ಯಂತ್ರ 'ಕ': ಬೆಲೆ ರೂ. 12,000, ಕಾಗದ ಮತ್ತು ರಿಬ್ಬನ್ ಪ್ರತಿಗೆ ರೂ. 22.
ಯಂತ್ರ 'ಖ': ಬೆಲೆ ರೂ. 60,000, ಕಾಗದ ಮತ್ತು ರಿಬ್ಬನ್ ಪ್ರತಿಗೆ ರೂ. 9.
ಎರಡಕ್ಕೂ ಹಾಳಾಗುವ ಪ್ರತಿಗಳು ಶೇ. 5, ಕವರಿನ ಬೆಲೆ ರೂ. 3, ಯಂತ್ರದ ಬಳಕೆ ಮೂರು ವರ್ಷ.

ಮೂರು ವರ್ಷಗಳಲ್ಲಿ ಒಟ್ಟು 3,000 ಪ್ರತಿಗಳು ಮಾರಾಟವಾದರೆ:
ಯಂತ್ರ 'ಕ': 22.00 + 1.10 + 3.00 + 4.00 = ರೂ. 30.10
ಯಂತ್ರ 'ಖ': 9.00 + 0.45 + 3.00 + 20.00 = ರೂ. 32.45

ಮೂರು ವರ್ಷಗಳಲ್ಲಿ ಒಟ್ಟು 12,000 ಪ್ರತಿಗಳು ಮಾರಾಟವಾದರೆ:
ಯಂತ್ರ 'ಕ': 22.00 + 1.10 + 3.00 + 1.00 = ರೂ. 27.10
ಯಂತ್ರ 'ಖ': 9.00 + 0.45 + 3.00 + 5.00 = ರೂ. 17.45

ಇದರಿಂದ ತಿಳಿದುಬರುವಂತೆ, ಕೆಲಸ ಕಡಿಮೆ ಇರುವಲ್ಲಿ ಅಗ್ಗದ ಯಂತ್ರವೂ, ಕೆಲಸ ಹೆಚ್ಚಿರುವಲ್ಲಿ ದುಬಾರಿ ಯಂತ್ರವೂ ಲಾಭಕರ. ಎರಡೂ ಯಂತ್ರಗಳ ವೆಚ್ಚವು ಸರಿಸಮವಾಗುವ ಹಂತವನ್ನು ಹೀಗೆ ಕಂಡುಕೊಳ್ಳಬಹುದು: ಯಂತ್ರಗಳ ಬೆಲೆಯ ವ್ಯತ್ಯಾಸವಾದ ರೂ. 48,000 ವನ್ನು, ನಷ್ಟವೂ ಸೇರಿದಂತೆ ಪ್ರತಿಯೊಂದರ ಸಾಮಗ್ರಿ ವೆಚ್ಚದ ವ್ಯತ್ಯಾಸವಾದ ರೂ. 13.65 ರಿಂದ ಭಾಗಿಸಿದರೆ ಸುಮಾರು 3,517 ಪ್ರತಿಗಳಾಗುತ್ತವೆ. ಅಂದರೆ ತಿಂಗಳಿಗೆ ಸರಾಸರಿ 98 ಪ್ರತಿಗಳಿಗಿಂತ ಕಡಿಮೆ ಕೆಲಸ ಇರುವವರಿಗೆ 'ಖ' ಯಂತ್ರದಿಂದ ಪ್ರಯೋಜನವಿಲ್ಲ. ಸಾಲ ಪಡೆದು ಕೊಳ್ಳುವವರು ಬಡ್ಡಿಯನ್ನೂ ಯಂತ್ರದ ಬೆಲೆಗೆ ಸೇರಿಸಿ ಇದೇ ಲೆಕ್ಕವನ್ನು ಮಾಡಬೇಕು.

ಸರಾಸರಿಯನ್ನು ಎಣಿಸುವಾಗ ವರ್ಷದ ಎಲ್ಲ ತಿಂಗಳುಗಳನ್ನು ಪರಿಗಣಿಸಬೇಕು. ಆಷಾಢ ಮಾಸದಲ್ಲಿ ಮದುವೆಗಳು ನಡೆಯುವುದಿಲ್ಲ. ಅದೇ ಮಾಸದ ಶುಕ್ರವಾರಗಳಂದು ಚಾಮುಂಡಿ ಬೆಟ್ಟದಲ್ಲಿ ಭಕ್ತರ ಸಂಖ್ಯೆ ಹೆಚ್ಚಿರುತ್ತದೆ. ದಸರಾ ಅವಧಿಯ ಆದಾಯವನ್ನೇ ವರ್ಷದ ಆದಾಯವೆಂದು ಭಾವಿಸಿ ದೊಡ್ಡ ಕಂತನ್ನು ಒಪ್ಪಿಕೊಳ್ಳಬಾರದು.

ಸೇವಾ ವಹಿವಾಟು ವಾರ್ಷಿಕ ರೂ. 20 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದವರು ಕಾಗದ ಮತ್ತು ರಿಬ್ಬನ್ ಕೊಳ್ಳುವಾಗ ತೆತ್ತ ತೆರಿಗೆಯನ್ನು ಮರಳಿ ಪಡೆಯಲು ಬರುವುದಿಲ್ಲ. ಆದ್ದರಿಂದ ತೆರಿಗೆ ಸೇರಿದ ಬೆಲೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

5. ಕಾಗದ ಮತ್ತು ರಿಬ್ಬನ್ನಿನ ಲಭ್ಯತೆ

ಡೈ ಸಬ್ಲಿಮೇಷನ್ ಯಂತ್ರದಲ್ಲಿ ಕಾಗದ ಮತ್ತು ರಿಬ್ಬನ್ ಒಂದಕ್ಕೊಂದು ಹೊಂದಿಕೊಂಡಿದ್ದು ಜೊತೆಯಾಗಿಯೇ ಮಾರಾಟವಾಗುತ್ತವೆ. ಒಂದು ಕಂಪನಿಯ ರಿಬ್ಬನ್ ಇನ್ನೊಂದಕ್ಕೆ ಹೊಂದುವುದಿಲ್ಲ. ಯಂತ್ರವನ್ನು ಕೊಳ್ಳುವ ಮೊದಲು ಅದರ ಕಾಗದವು ಮೈಸೂರಿನ ಅಂಗಡಿಗಳಲ್ಲಿ ದೊರೆಯುತ್ತದೆಯೇ ಅಥವಾ ಬೆಂಗಳೂರಿನಿಂದ ತರಿಸಬೇಕೇ, ತರಿಸಲು ಎಷ್ಟು ದಿನ ಬೇಕು ಎಂಬುದನ್ನು ವಿಚಾರಿಸತಕ್ಕದ್ದು. ಕಡಿಮೆ ಬೆಲೆಗೆ ಸಿಗುವ ಹಳೆಯ ಯಂತ್ರಕ್ಕೆ ರಿಬ್ಬನ್ ತಯಾರಿಕೆಯೇ ನಿಂತಿರಬಹುದು. ಅಂತಹ ಯಂತ್ರವು ಎಷ್ಟು ಅಗ್ಗವಾದರೂ ಉಪಯೋಗಕ್ಕೆ ಬಾರದು. ದಸರಾ ಮತ್ತು ಮದುವೆಯ ಕಾಲಕ್ಕೆ ಮೊದಲೇ ದಾಸ್ತಾನು ಮಾಡಿಕೊಳ್ಳುವುದು ಉತ್ತಮ.

6. ವಿದ್ಯುತ್, ಹವಾಮಾನ ಮತ್ತು ಸ್ಥಳ

(1) ಮುದ್ರಣದ ನಡುವೆ ವಿದ್ಯುತ್ ಹೋದರೆ ಒಂದು ಹಾಳೆ ಮತ್ತು ರಿಬ್ಬನ್ನಿನ ಒಂದು ಭಾಗ ವ್ಯರ್ಥವಾಗುತ್ತವೆ. ಬ್ಯಾಟರಿ ಇಲ್ಲದ ದೊಡ್ಡ ಯಂತ್ರಕ್ಕೆ ತಕ್ಕ ಸಾಮರ್ಥ್ಯದ ಯುಪಿಎಸ್ ಇರಬೇಕು. ಮಂಟಪದ ಜನರೇಟರಿಗೆ ನೇರವಾಗಿ ಜೋಡಿಸುವುದು ಸೂಕ್ತವಲ್ಲ.

(2) ಚಿಕ್ಕ ಡೈ ಸಬ್ಲಿಮೇಷನ್ ಯಂತ್ರದಲ್ಲಿ ಮುದ್ರಣದ ವೇಳೆ ಕಾಗದವು ಯಂತ್ರದ ಹಿಂಬದಿಯಿಂದ ಹೊರಬಂದು ಒಳಹೋಗುತ್ತದೆ. ಗೋಡೆಗೆ ತಾಗಿಸಿ ಇಟ್ಟರೆ ಕಾಗದ ಸಿಕ್ಕಿಕೊಳ್ಳುತ್ತದೆ.

(3) ಕಾಗದದ ಹೊಳಪಿನ ಭಾಗವನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಮತ್ತು ಧೂಳಿನ ಕಣಗಳು ಚಿತ್ರದಲ್ಲಿ ಬಿಳಿಯ ಚುಕ್ಕೆಗಳಾಗಿ ಕಾಣುತ್ತವೆ.

(4) ಸತತವಾಗಿ ಮುದ್ರಿಸಿದಾಗ ಥರ್ಮಲ್ ಹೆಡ್ ಕಾಯುತ್ತದೆ. ಅದು ತಣಿಯುವವರೆಗೆ ಯಂತ್ರ ತಾನೇ ನಿಲ್ಲುತ್ತದೆ. ಇದು ದೋಷವಲ್ಲ. ಯಂತ್ರವನ್ನು ನೆರಳಿನಲ್ಲಿ ಇಡಬೇಕು.

(5) ದಸರಾ ನಡೆಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮೈಸೂರಿನಲ್ಲಿ ಸಂಜೆಯ ಮಳೆ ಸಾಮಾನ್ಯ. ಕಾಗದವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಅವಶ್ಯ.

(6) ಜನಸಂದಣಿಯಲ್ಲಿ ಮೊಬೈಲ್ ಜಾಲ ದುರ್ಬಲವಾಗುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡನ್ನು ನೇರವಾಗಿ ಹಾಕಲು ಅವಕಾಶವಿರುವ ಯಂತ್ರವು ಹೆಚ್ಚು ಭರವಸೆಗೆ ಅರ್ಹ.

7. ಚಿತ್ರದ ಗುಣಮಟ್ಟ

4×6 ಅಂಗುಲದ ಪ್ರತಿಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಮುದ್ರಿಸಲು 1200×1800 ಪಿಕ್ಸೆಲ್, ಅಂದರೆ ಸುಮಾರು 22 ಲಕ್ಷ ಪಿಕ್ಸೆಲ್ ಸಾಕು. ಈ ಗಾತ್ರದ ಪ್ರತಿಗಾಗಿ ಮಾತ್ರ ಹೆಚ್ಚಿನ ಮೆಗಾಪಿಕ್ಸೆಲ್ ಕ್ಯಾಮೆರಾ ಕೊಳ್ಳುವ ಅಗತ್ಯವಿಲ್ಲ. ಆದರೆ ಚಿತ್ರದ ಅನುಪಾತವನ್ನು ಗಮನಿಸಬೇಕು. ಡಿಎಸ್‌ಎಲ್‌ಆರ್ ಕ್ಯಾಮೆರಾದ 3:2 ಅನುಪಾತವು ಈ ಕಾಗದಕ್ಕೆ ಹೊಂದುತ್ತದೆ. ಮೊಬೈಲ್ ಫೋನಿನ 4:3 ಅನುಪಾತದ ಚಿತ್ರವನ್ನು ಅಂಚಿಲ್ಲದೆ ಮುದ್ರಿಸಿದಾಗ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಗುಂಪು ಚಿತ್ರದಲ್ಲಿ ಹಿಂದಿನ ಸಾಲಿನವರ ತಲೆ ಹೋಗದಂತೆ ಸುತ್ತಲೂ ಸ್ವಲ್ಪ ಜಾಗ ಬಿಟ್ಟು ತೆಗೆಯಬೇಕು. ರಾತ್ರಿಯ ಚಿತ್ರಗಳು ಪರದೆಯ ಮೇಲೆ ಕಾಣುವುದಕ್ಕಿಂತ ಕಾಗದದ ಮೇಲೆ ಕಪ್ಪಾಗಿ ಬರುತ್ತವೆ. ದೀಪಾಲಂಕಾರದ ಮುಂದೆ ತೆಗೆದ ಚಿತ್ರದ ಬೆಳಕನ್ನು ಹೆಚ್ಚಿಸಿ ಮುದ್ರಿಸುವುದು ಸೂಕ್ತ.

8. ಗ್ರಾಹಕರ ಹಿತ ಮತ್ತು ಅನುಮತಿ

ಪ್ರತಿಯ ಅಳತೆ ಮತ್ತು ದರವನ್ನು ಕಾಣುವಂತೆ ಪ್ರದರ್ಶಿಸಿ, ಒಂದು ಮಾದರಿ ಪ್ರತಿಯನ್ನು ತೋರಿಸುವುದರಿಂದ ವಿವಾದಗಳು ಉಂಟಾಗುವುದಿಲ್ಲ. ಬಿಸಿಲಿಗೆ ಇಡಬಾರದು, ಅಂಟುಪಟ್ಟಿ ಹಚ್ಚಬಾರದು ಎಂಬ ಸೂಚನೆಯನ್ನು ಕವರಿನ ಮೇಲೆ ಅಚ್ಚು ಹಾಕಿಸಬಹುದು. ಪ್ಲಾಸ್ಟಿಕ್ ಕವರಿನ ಬದಲು ಕಾಗದದ ಕವರ್ ಬಳಸುವುದು ಅಪೇಕ್ಷಣೀಯ.

ಬಳಸಿದ ರಿಬ್ಬನ್ನಿನ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮುದ್ರಿಸಿದ ಪ್ರತಿಯೊಂದು ಚಿತ್ರದ ಗುರುತು ರಿಬ್ಬನ್ನಿನ ಮೇಲೆ ಹಾಗೆಯೇ ಉಳಿದಿರುತ್ತದೆ. ಬೆಳಕಿಗೆ ಹಿಡಿದರೆ ಮುಖಗಳನ್ನು ಗುರುತಿಸಬಹುದು. ಮಹಿಳೆಯರ ಮತ್ತು ಮಕ್ಕಳ ಚಿತ್ರಗಳಿರುವ ರಿಬ್ಬನ್ನನ್ನು ಸಮಾರಂಭದ ಸ್ಥಳದಲ್ಲಿ ಎಸೆಯಕೂಡದು. ಅದನ್ನು ಹಿಂದಕ್ಕೆ ತಂದು, ತುಂಡರಿಸಿ ವಿಲೇವಾರಿ ಮಾಡತಕ್ಕದ್ದು. ಗ್ರಾಹಕರ ಒಪ್ಪಿಗೆ ಇಲ್ಲದೆ ಅವರ ಚಿತ್ರವನ್ನು ಮಳಿಗೆಯಲ್ಲಿ ಪ್ರದರ್ಶಿಸಬಾರದು.

ಅರಮನೆ, ಮೃಗಾಲಯ, ದೇವಾಲಯ ಮುಂತಾದ ಆವರಣಗಳಲ್ಲಿ ವೃತ್ತಿಪರ ಛಾಯಾಗ್ರಹಣಕ್ಕೆ ಆಯಾ ಆಡಳಿತದ ಪೂರ್ವಾನುಮತಿ ಪಡೆಯಬೇಕು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವು ಮಂಡ್ಯ ಜಿಲ್ಲೆಯಲ್ಲಿದ್ದು, ಕಾವೇರಿ ನೀರಾವರಿ ನಿಗಮದ ನಿರ್ವಹಣೆಯಲ್ಲಿದೆ. ಅನುಮತಿ ದೊರೆಯುವ ಮೊದಲೇ ಯಂತ್ರಕ್ಕೆ ಹಣ ತೊಡಗಿಸುವುದು ಜಾಣತನವಲ್ಲ.

9. ತರಬೇತಿ ಮತ್ತು ಸಾಲ ಸೌಲಭ್ಯ

1982 ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಮೈಸೂರಿನಲ್ಲಿಯೂ ಇದ್ದು, ನಿರುದ್ಯೋಗಿ ಯುವಜನರಿಗೆ ಸ್ವಉದ್ಯೋಗ ತರಬೇತಿಗಳನ್ನು ಉಚಿತವಾಗಿ ನಡೆಸುತ್ತದೆ. 2015 ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ರೂ. 50,000 ವರೆಗೆ ಆಧಾರರಹಿತ ಸಾಲಕ್ಕೆ ಬ್ಯಾಂಕುಗಳಲ್ಲಿ ಅರ್ಜಿ ಸಲ್ಲಿಸಬಹುದು. 2020 ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯು ಸಂಪೂರ್ಣ ಉಚಿತ. ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ. ಇತರೆ ಯೋಜನೆಗಳ ವಿವರಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಡೆಯಬಹುದು.

10. ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

1. ತಿಂಗಳಿಗೆ ನಿರೀಕ್ಷಿಸುವ ಪ್ರತಿಗಳ ಸಂಖ್ಯೆ ಮತ್ತು ಅತಿ ಹೆಚ್ಚು ಕೆಲಸವಿರುವ ಗಂಟೆಯಲ್ಲಿ ಬೇಕಾಗುವ ಪ್ರತಿಗಳ ಸಂಖ್ಯೆ.
2. ತೆರಿಗೆ, ನಷ್ಟ, ಕವರ್ ಮತ್ತು ಸವಕಳಿ ಸೇರಿದಂತೆ ಒಂದು ಪ್ರತಿಯ ವೆಚ್ಚ.
3. ಕಾಗದ ಮತ್ತು ರಿಬ್ಬನ್ ಮೈಸೂರಿನಲ್ಲಿ ದೊರೆಯುವ ಬಗ್ಗೆ ಖಾತರಿ.
4. ದುರಸ್ತಿ ಕೇಂದ್ರವಿರುವ ಊರು ಮತ್ತು ವಾರಂಟಿಯ ಅವಧಿ.
5. ಬ್ಯಾಟರಿ ಅಥವಾ ಯುಪಿಎಸ್ ವ್ಯವಸ್ಥೆ.
6. ತಮ್ಮದೇ ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಅಂಗಡಿಯಲ್ಲಿಯೇ ಮಾಡಿಸಿಕೊಂಡ ಪ್ರಾಯೋಗಿಕ ಮುದ್ರಣ.
7. ತೆರಿಗೆ ಸಹಿತ ರಶೀದಿ.

ಹೊಸದಾಗಿ ಉದ್ಯೋಗ ಆರಂಭಿಸುವವರು ಮೊದಲು ಒಂದು ಚಿಕ್ಕ ಯಂತ್ರದಿಂದ ಪ್ರಾರಂಭಿಸಿ, ಪ್ರತಿದಿನ ಮುದ್ರಿಸಿದ, ಮಾರಾಟವಾದ ಮತ್ತು ಹಾಳಾದ ಪ್ರತಿಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವುದು ಒಳಿತು. ಒಂದು ವರ್ಷದ ಈ ಲೆಕ್ಕವು ದೊಡ್ಡ ಯಂತ್ರ ಬೇಕೇ ಬೇಡವೇ ಎಂಬುದನ್ನು ತಾನಾಗಿಯೇ ತಿಳಿಸುತ್ತದೆ. ಮುಂದೆ ಬ್ಯಾಂಕಿಗೆ ಸಾಲದ ಅರ್ಜಿ ಸಲ್ಲಿಸುವಾಗಲೂ ಇದು ಆಧಾರವಾಗುತ್ತದೆ.

ಸೂಚನೆ: ಇಲ್ಲಿ ಹೆಸರಿಸಿರುವ ಯಂತ್ರಗಳು ಉದಾಹರಣೆಗೆ ಮಾತ್ರ. ಯಾವುದೇ ಕಂಪನಿಯ ಯಂತ್ರವನ್ನು ಶಿಫಾರಸು ಮಾಡಿರುವುದಿಲ್ಲ.